ವೆಲ್ಡಿಂಗ್ ಶೆಡ್ಡಿನ ಹಗೆ

ಚೋರನೂರಿನ ನಮ್ಮ ಓಣಿಯಲ್ಲಿ ಹೊಲಿಗೆ ಯಂತ್ರವಿಲ್ಲದ ಮನೆಯೇ ಇರಲಿಲ್ಲ. ಹೆಣ್ಣುಮಕ್ಕಳು ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಒಬ್ಬರಾದ ಮೇಲೆ ಒಬ್ಬರು ಬಂದು, ತರಬೇತಿ ಕೊಟ್ಟು, ಫೋಟೊ ತೆಗೆಸಿಕೊಂಡು, ಯಂತ್ರ ಹಂಚಿ ಹೋಗಿದ್ದರು. ಎಲ್ಲರಿಗೂ ಹೊಲಿಯಲು ಬರುತ್ತಿತ್ತು, ಹೀಗಾಗಿ ಹೊಲಿಸಿಕೊಳ್ಳುವವರು ಯಾರೂ ಉಳಿದಿರಲಿಲ್ಲ. ನಮ್ಮವ್ವನ ಯಂತ್ರದ ಮೇಲೆ ಜೋಳದ ಚೀಲ ಕೂತಿತ್ತು. ಪಕ್ಕದ ಮನೆಯವಳು ತನ್ನದರ ಮೇಲೆ ಟಿವಿ ಇಟ್ಟುಕೊಂಡಿದ್ದಳು. ಪಿಯುಸಿ ಮುಗಿಸಿ ಹೊಸಪೇಟೆಯ ತರಬೇತಿ ಕೇಂದ್ರದ ಕೌಂಟರಿನ ಮುಂದೆ ಹೋಗಿ ನಿಂತಾಗ ಇದೆಲ್ಲ ನನ್ನ ತಲೆಯಲ್ಲಿ ಕುದಿಯುತ್ತಿತ್ತು.

"ಹೊಲಿಗಿ ಬರೀಲೋ, ಬ್ಯೂಟಿ ಪಾರ್ಲರ್ ಬರೀಲೋ?" ಕೌಂಟರಿನಲ್ಲಿದ್ದ ಹೆಂಗಸು ತಲೆ ಎತ್ತದೆ ಕೇಳಿದಳು.

"ವೆಲ್ಡಿಂಗ್ ಬರೀರಿ."

ಆಗ ತಲೆ ಎತ್ತಿದಳು. "ಅದು ಗಂಡ್ ಹುಡುಗ್ರದವಾ."

"ಬೋರ್ಡಿನ ಮ್ಯಾಲೆ ಹಂಗೇನೂ ಬರ್ದಿಲ್ಲಲ್ರಿ."

ಅವಳು ಬೋರ್ಡಿನ ಕಡೆ ನೋಡಿದಳು. ಅಲ್ಲಿ ಹೆಲ್ಮೆಟ್ ಹಾಕಿಕೊಂಡು ನಗುವ ಹೆಣ್ಣಿನ ಚಿತ್ರವಿತ್ತು. ಅದನ್ನು ಮೊದಲ ಸಲ ನೋಡಿದವಳ ಹಾಗೆ ಮುಖ ಮಾಡಿ, "ಕೈ ಸುಟ್ಕಂಡು ಅಳ್ಕೋತ ಬರಬ್ಯಾಡ ಮತ್ತ" ಎಂದು ಬರೆದುಕೊಂಡಳು.

ವೆಲ್ಡಿಂಗ್ ತರಗತಿಯಲ್ಲಿ ಹೆಣ್ಣೆಂದರೆ ನಾನೊಬ್ಬಳೇ. ಕಲಿಸುತ್ತಿದ್ದ ಮೇಷ್ಟ್ರು ಮೊದಲ ದಿನವೇ ನನ್ನ ಕಡೆ ನೋಡದೆ ಹುಡುಗರಿಗೆ ಹೇಳಿದರು, "ಒಂದು ಸೀಟಂತೂ ದಂಡ ಆತು. ನೀವಾದ್ರೂ ಛಲೋ ಕಲೀರಪಾ." ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವರು ಬೈಯುತ್ತಿರಲಿಲ್ಲ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಇರುತ್ತಿದ್ದರು. ಹುಡುಗರ ಹೆಗಲ ಸಂದಿಯಿಂದ ನೋಡಿ ನೋಡಿಯೇ ಕಲಿತೆ. ಅವರು ಊಟಕ್ಕೆ ಹೋದಾಗ ನೆಲದಲ್ಲಿ ಬಿದ್ದ ತುಂಡು ರಾಡುಗಳನ್ನು ಆರಿಸಿಕೊಂಡು ಕೈ ಪಳಗಿಸಿದೆ. ಕಪ್ಪು ಗಾಜಿನ ಆಚೆ ಕಬ್ಬಿಣ ಕರಗಿ, ರಾಡಿನ ತುದಿಯ ಹಿಂದೆಯೇ ತೆವಳುತ್ತ ಬಂದು ಹೆಪ್ಪುಗಟ್ಟುವುದನ್ನು ನೋಡುವುದೆಂದರೆ ನನಗೆ ಬಹಳ ಹಿತ. ಕಡೆಗೆ ಪರೀಕ್ಷೆಗೆ ಹೊರಗಿನಿಂದ ಬಂದವರು ನನ್ನ ಬೆಸುಗೆಯನ್ನು ಮುರಿಯಲು ನೋಡಿದರು, ಮುರಿಯಲಿಲ್ಲ. ಪಾಸಾದೆ. ಮೇಷ್ಟ್ರು ಅವತ್ತೂ ನನ್ನನ್ನು ಮಾತಾಡಿಸಲಿಲ್ಲ.

ಕೆಲಸ ಸಿಕ್ಕಿದ್ದು ಹೊಸಪೇಟೆಯ ಹೊರವಲಯದ ಒಂದು ಶೆಡ್ಡಿನಲ್ಲಿ. ಸಂಡೂರಿನ ಅದಿರು ಹೊರುವ ಟಿಪ್ಪರುಗಳಿಗೆ ಅಲ್ಲಿ ಬಾಡಿ ಕಟ್ಟುತ್ತಿದ್ದರು. ಕಂಪ್ಲಿ ಕಡೆಯ ಕಬ್ಬು, ಭತ್ತದ ರೈತರಿಗೆ ಟ್ರ್ಯಾಕ್ಟರಿನ ಟ್ರೇಲರ್‌ಗಳನ್ನೂ ಮಾಡಿಕೊಡುತ್ತಿದ್ದರು. ತರಬೇತಿ ಪಡೆದ ಹೆಣ್ಣುಮಕ್ಕಳನ್ನು ತೆಗೆದುಕೊಂಡರೆ ಮೊದಲ ಕೆಲವು ತಿಂಗಳ ಪಗಾರದಲ್ಲಿ ಒಂದು ಪಾಲನ್ನು ಕೇಂದ್ರವೇ ಕೊಡುತ್ತಿತ್ತು. ಶೆಡ್ಡಿನ ಮಾಲಕ ಸಾವುಕಾರರು ನನ್ನನ್ನು ಕರೆದದ್ದು ಅದಕ್ಕಾಗಿಯೇ. ನಾನು ರೈಲ್ವೆ ಗೇಟಿನ ಹತ್ತಿರ ಸಣ್ಣವ್ವನ ಮನೆಯಲ್ಲಿ ಉಳಿದುಕೊಂಡೆ. ಅವಳು ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ನನ್ನ ಸಂಗಾಟ ಬಂದು ಬಡಿ, ನೆರಳಾಗಾದ್ರೂ ಇರ್ತಿ" ಎಂದು ದಿನಾ ಅನ್ನುವಳು.

ಶೆಡ್ಡನ್ನು ನಡೆಸುತ್ತಿದ್ದದ್ದು ಹೆಸರಿಗೆ ಸಾವುಕಾರರು, ನಿಜಕ್ಕೆ ಮೇಸ್ತ್ರಿ. ಐವತ್ತು ದಾಟಿದ, ಗಿಡ್ಡಗೆ ಗಟ್ಟಿಮುಟ್ಟಾದ ಆಳು. ಕಿಡಿ ಬಿದ್ದು ಬಿದ್ದು ಮುಂಗೈ ತುಂಬ ಬಿಳಿ ಕಲೆಗಳು. ಜನ ಅವನನ್ನು ಅವರು, ಇವರು ಎಂದು ಕರೆಯುತ್ತಿದ್ದರು. ಎದುರಿಗೆ ನಾನೂ ಕರೆದಿದ್ದೇನೆ. ಬರೆಯುವಾಗ ಮನಸ್ಸು ಒಪ್ಪುವುದಿಲ್ಲ.

ಮೊದಲ ದಿನ ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಾವುಕಾರರಿಗೆ, "ಕಸಾ ಹೊಡಿಯಾಕ ಆಳ್ ಇರ್ಲಿಲ್ಲ, ಛಲೋ ಆತು ಬಿಡ್ರಿ" ಎಂದ.

"ನಾ ವೆಲ್ಡರ್ ಅದೀನ್ರಿ ಮೇಸ್ತ್ರಿ."

"ಹೌದಾ? ನಾ ಈ ಊರಿನ ಡಿಸಿ ಅದೀನಿ."

ಎಲ್ಲರೂ ನಕ್ಕರು. ಸಾವುಕಾರರೂ ನಕ್ಕರು. ನನ್ನ ಕೈಗೆ ಒಂದು ಬ್ರಷ್ಷು, ಕೆಂಪು ಪ್ರೈಮರ್ ಬಣ್ಣದ ಡಬ್ಬಿ ಬಂತು. ಅವರು ಬೆಸೆದ ಟಿಪ್ಪರ್ ಬಾಡಿಗಳಿಗೆ ತುಕ್ಕು ಹಿಡಿಯದಂತೆ ಬಣ್ಣ ಬಳಿಯುವುದು ನನ್ನ ಕೆಲಸವಾಯಿತು. ಬೆಳಿಗ್ಗೆ ಕಸ, ಆಮೇಲೆ ಬಣ್ಣ, ನಡುವೆ ಚಹಾ ತರುವುದು. ಬೇಸಿಗೆಯಿಡೀ ಹೀಗೇ ಹೋಯಿತು. ಶೆಡ್ಡಿನಲ್ಲಿ ಹೆಂಗಸರಿಗೆ ಪಾಯಿಖಾನೆ ಇರಲಿಲ್ಲ. ರಸ್ತೆ ದಾಟಿ ಪೆಟ್ರೋಲ್ ಬಂಕಿಗೆ ಹೋಗಬೇಕಿತ್ತು. ನಾನು ಎದ್ದು ಹೊರಟರೆ ಸಾಕು, ಯಾವನಾದರೂ ಗ್ರೈಂಡರ್ ನಿಲ್ಲಿಸಿ, "ಮೇಡಂ ಇನ್‌ಸ್ಪೆಕ್ಷನ್‌ಗೆ ಹೊಂಟ್ರು" ಎಂದು ಕೂಗುತ್ತಿದ್ದ. ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಉರಿಮೂತ್ರ ಹತ್ತಿ ಡಾಕ್ಟರ ಹತ್ತಿರ ಹೋಗಬೇಕಾಯಿತು.

ಮೊಹರಂ ಹಬ್ಬಕ್ಕೆ ಅರ್ಧ ಶೆಡ್ ಖಾಲಿಯಾಗಿದ್ದ ಒಂದು ದಿನ, ಕಂಪ್ಲಿಯ ರೈತನೊಬ್ಬ ಟ್ರೇಲರ್ ಬೇಕೇ ಬೇಕೆಂದು ಬಂದು ಕೂತ. ಸಾವುಕಾರರು ಮೇಸ್ತ್ರಿಗೆ, "ಆ ಹುಡುಗಿ ಕೈಲೆ ಒಂದೀಟು ಮಾಡ್ಸು, ಹಂಗರೆ ಹಿಂಗರೆ ಮುಗೀಲಿ" ಎಂದರು. ಮೇಸ್ತ್ರಿ ಯಾರೂ ಬಳಸದೆ ಗೋಡೆಗೆ ತೂಗುಹಾಕಿದ್ದ ಒಂದು ಶೀಲ್ಡ್ ತಂದು ನನ್ನ ಮುಂದೆ ಒಗೆದ. ಮುಖಕ್ಕೆ ಅಡ್ಡ ಹಿಡಿಯುವ, ಕಪ್ಪು ಗಾಜಿನ ಶೀಲ್ಡ್. ಮೊದಲ ಕಿಡಿಗೇ ಬೆಳಕು ಜಾಸ್ತಿ ಅನ್ನಿಸಿತು.

"ಮೇಸ್ತ್ರಿ, ಈ ಗಾಜು ಭಾಳ ತೆಳ್ಳಗ ಅನ್ನಸ್ತೈತ್ರಿ."

"ನಮ್ಮ ಗಾಜು ಹಿಂಗಾ ಇರ್ತಾವ. ನಿನಗೇನು ಬೆಂಗಳೂರಿಂದ ತರಸ್ಬೇಕಾ? ಆಗ್ಲಿಲ್ಲಂದ್ರ ಬ್ರಷ್ ಐತಿ ಅಲ್ಲಿ."

ಬ್ರಷ್ ಎಂಬ ಮಾತು ಕೇಳಿ ನಾನು ಶೀಲ್ಡ್ ಎತ್ತಿಕೊಂಡೆ. ಎಷ್ಟೋ ತಿಂಗಳ ಮೇಲೆ ಕೈಗೆ ರಾಡು ಬಂದಿತ್ತು, ಬಿಡುವುದು ಹೇಗೆ? ಸಂಜೆಯವರೆಗೂ ಬೆಸೆದೆ. ಟ್ರೇಲರಿನ ಒಂದು ಮಗ್ಗುಲು ಪೂರ್ತಿ ನನ್ನದು. ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಎರಡೂ ಕಣ್ಣಿಗೆ ಯಾರೋ ಬಿಸಿ ಮರಳು ತುಂಬಿದ ಹಾಗಾಯಿತು. ರೆಪ್ಪೆ ತೆರೆದರೆ ಉರಿ, ಮುಚ್ಚಿದರೆ ಉರಿ, ಧಾರಾಕಾರ ನೀರು. ಸಣ್ಣವ್ವ ಆಲೂಗಡ್ಡೆ ಹೆಚ್ಚಿ ಬಿಲ್ಲೆಗಳನ್ನು ಕಣ್ಣ ಮೇಲೆ ಇಟ್ಟಳು. ಅಳುತ್ತಲೇ ಶೆಡ್ಡಿನವರ ವಂಶವನ್ನೆಲ್ಲ ಬೈದಳು.

ಕಣ್ಣು ಬಿಡಲು ಬಂದ ಕೂಡಲೇ ಶೆಡ್ಡಿಗೆ ಹೋದೆ. ನನ್ನ ಮುಖ ನೋಡಿ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ, "ಏನವಾ, ಉಳ್ಳಾಗಡ್ಡಿ ಹೆಚ್ಚಿದೇನು?" ಎಂದ. ಅವರ ನಗುವಿನ ನಡುವೆ ನಾನು ಟ್ರೇಲರ್ ನೋಡಿದೆ. ನಾನು ಬೆಸೆದಿದ್ದ ಮಗ್ಗುಲನ್ನು ಗ್ರೈಂಡರಿನಿಂದ ಪೂರ್ತಿ ಕೆರೆದು ತೆಗೆದು ಮತ್ತೆ ಬೆಸೆದಿದ್ದರು.

"ಯಾಕ್ ತಗಸಿದ್ರಿ? ಬಿಟ್ಟಿತ್ತಾ? ಬಿರುಕಿತ್ತಾ?"

"ನಾ ನೋಡಿಲ್ಲ."

"ನೋಡದ ತಗಸಿದ್ರಾ?"

"ನೋಡೋದೇನೈತಿ ಅದ್ರಾಗ? ಹೆಣ್ಣ್ ಹಾಕಿದ ಬೆಸುಗಿ ಅಂತ ಹೊರಗ ಗೊತ್ತಾದ್ರ ನಾಳಿ ನನ್ನ ಹತ್ರ ಯಾವನ್ ಬರ್ತಾನ?"

ಅವತ್ತು ನನ್ನೊಳಗೆ ಏನೋ ಗಟ್ಟಿಯಾಯಿತು. ಅಲ್ಲಿಯವರೆಗೆ ಅವನ ಮೆಚ್ಚುಗೆ ಒಂದಲ್ಲ ಒಂದು ದಿನ ಸಿಕ್ಕೀತು ಎಂಬ ಆಸೆ ಇತ್ತೋ ಏನೋ. ಅವತ್ತಿನಿಂದ ಅವನಿಗೆ ಏನಾದರೂ ಕೇಡಾಗಲಿ ಎಂದು ಕಾಯತೊಡಗಿದೆ. ಹಂಪಿಗೆ ಸಣ್ಣವ್ವನ ಜೊತೆ ಹೋದಾಗ ವಿರೂಪಾಕ್ಷನ ಮುಂದೆ ಕೈ ಮುಗಿದು ನಾನು ಬೇಡಿಕೊಂಡದ್ದೂ ಅದನ್ನೇ.

ಮೇಸ್ತ್ರಿಯ ಮಗಳು ನನಗೆ ಸಿಕ್ಕಿದ್ದು ಆ ದಿನಗಳಲ್ಲಿ.

ಅವಳು ಕೆಲವು ಮಧ್ಯಾಹ್ನ ಅಪ್ಪನಿಗೆ ಬುತ್ತಿ ತರುತ್ತಿದ್ದಳು. ತೆಳ್ಳಗಿನ, ಚೂಪುಗಣ್ಣಿನ ಹುಡುಗಿ. ಬುತ್ತಿ ಇಟ್ಟು ಹೋಗುವಂತೆ ಅಪ್ಪ ಗದರಿದರೂ ಗೇಟಿನ ಹತ್ತಿರ ನಿಂತು ಬೆಸುಗೆಯ ಬೆಳಕನ್ನು ಕೈ ಬೆರಳ ಸಂದಿಯಿಂದ ನೋಡುತ್ತಿದ್ದಳು. ಒಂದು ಸಂಜೆ ಮಾರ್ಕೆಟ್ಟಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಅವಳೇ ಹಿಂದಿನಿಂದ ಬಂದು ಮಾತಾಡಿಸಿದಳು.

"ಅಕ್ಕಾ, ಆ ಸೆಂಟ್ರಿನಾಗ ಹೆಣ್ಣುಡುಗ್ರಿಗೆ ವೆಲ್ಡಿಂಗ್ ಕಲಸ್ತಾರಂತಲ್ಲ?"

"ಕಲಸ್ತಾರ. ಯಾಕ?"

"ನಂಗ ಕಲೀಬೇಕು. ನಮ್ಮಪ್ಪನ್ನ ಕೇಳ್ದೆ. ಕಪಾಳಕ್ಕ ಬಿಗುದ. ವರಾ ನೋಡಾಕತ್ಯಾನ."

ಅವಳ ಕೆನ್ನೆ ನೋಡಿ ನನಗೆ ಕನಿಕರ ಬರಬೇಕಿತ್ತು. ಬಂದದ್ದು ಖುಷಿ. ಆ ಮನುಷ್ಯನಿಗೆ ಎಲ್ಲಿ ಹೊಡೆದರೆ ನೋಯುತ್ತದೆ ಎಂದು ಇಷ್ಟು ದಿನ ಹುಡುಕುತ್ತಿದ್ದೆ, ಆ ಜಾಗವೇ ಕಾಯಿಪಲ್ಲೆ ಚೀಲ ಹಿಡಿದು ನನ್ನ ಮುಂದೆ ಬಂದು ನಿಂತಿತ್ತು.

"ಹೊಲಿಗಿ ಅಂತ ಹೇಳು ಮನ್ಯಾಗ" ಎಂದೆ. "ಹೊಲಿಗೀಗೆ ಯಾವಪ್ಪನೂ ಬ್ಯಾಡ ಅನ್ನಲ್ಲ."

ಅನ್ನಲಿಲ್ಲ. ಮದುವೆಗೆ ಮುಂಚೆ ಹೊಲಿಗೆ ಕಲಿತರೆ ಒಳ್ಳೆಯದೇ ಎಂದು ಮೇಸ್ತ್ರಿ ಖುಷಿಯಿಂದಲೇ ಕಳಿಸಿದ. ನಾನೇ ಅವಳನ್ನು ಕರೆದುಕೊಂಡು ಹೋಗಿ ಸೇರಿಸಿದೆ. ಚೀಲದಲ್ಲಿ ಕತ್ತರಿ, ಟೇಪು, ಒಂದು ರವಿಕೆ ಬಟ್ಟೆ ಇಟ್ಟುಕೊಂಡು ಅವಳು ದಿನಾ ವೆಲ್ಡಿಂಗ್ ಕಲಿಯಲು ಹೋಗುತ್ತಿದ್ದಳು. ಮನೆಯಲ್ಲಿ ತೋರಿಸಲೆಂದು ಸಣ್ಣವ್ವನ ಹಳೆಯ ರವಿಕೆಯೊಂದನ್ನು ನಾನೇ ಕೊಟ್ಟಿದ್ದೆ. ಶೆಡ್ಡಿನಲ್ಲಿ ಮೇಸ್ತ್ರಿ, "ನನ್ನ ಮಗಳು ನೋಡು, ಮಾನವಂತರ ಕೆಲ್ಸ ಕಲ್ಯಾಕತ್ಯಾಳ" ಎಂದು ನನಗೆ ಕೇಳುವಂತೆ ಹೇಳುವನು. ನಾನು ತಲೆ ಬಗ್ಗಿಸಿ ಬಣ್ಣ ಬಳಿಯುತ್ತಿದ್ದೆ. ಆ ಶೆಡ್ಡಿನಲ್ಲಿ ನಾನು ಸುಖವಾಗಿದ್ದ ದಿನಗಳೆಂದರೆ ಅವೇ.

ಒಂದು ದಿನ ಕೇಂದ್ರದಲ್ಲಿ ಪಕ್ಕದವನು ಎಚ್ಚರಿಸದೆ ಕಿಡಿ ಹಚ್ಚಿದ್ದರಿಂದ ಅವಳ ಕಣ್ಣಿಗೆ ಬೆಳಕು ಹೊಡೆಯಿತು. ಮನೆಗೆ ಹೋದವಳು ಧೂಳು ಬಿದ್ದಿದೆ ಎಂದಳಂತೆ. ಬೇರೆ ಯಾರ ಮನೆಯಲ್ಲಾದರೂ ನಡೆಯುತ್ತಿತ್ತು, ಆದರೆ ಜೀವಮಾನವಿಡೀ ಅಂಥ ಕಣ್ಣುಗಳನ್ನೇ ನೋಡಿದ್ದ ಮನುಷ್ಯನ ಮುಂದೆ ಅದು ಹೇಗೆ ನಡೆದೀತು? ಅವಳ ರೆಪ್ಪೆ ಬಿಡಿಸಿ ಒಮ್ಮೆ ನೋಡಿದ, ಚೂಡಿದಾರದ ತೋಳಿನಲ್ಲಿ ಕಿಡಿ ಬಿದ್ದ ಸಣ್ಣ ತೂತುಗಳನ್ನು ನೋಡಿದ, ಗೊತ್ತಾಯಿತು. ಬಾಯಿ ಬಿಡಿಸಲು ಎರಡು ಏಟು ಬೇಕಾದವು.

ಮರುದಿನ ಅವನು ಶೆಡ್ಡಿಗೆ ಬಂದದ್ದೇ ನನ್ನ ಬಣ್ಣದ ಡಬ್ಬಿಯನ್ನು ಒದ್ದ. ಕೆಂಪು ಬಣ್ಣ ನೆಲದ ತುಂಬ ಹರಿಯಿತು.

"ಲೇ, ನನ್ನ ಮಗಳ ಕಣ್ಣ್ ಸುಟ್ಟೆಲ್ಲಲೇ!"

ನಾನು ಎದ್ದು ನಿಂತೆ.

"ನನ್ನ ಕಣ್ಣ್ ಸುಟ್ಟಾಗ ಉಳ್ಳಾಗಡ್ಡಿ ಹೆಚ್ಚಿದೇನು ಅಂದ್ರಿ. ನಿಮ್ಮ ಮಗಳನ್ನೂ ಕೇಳಿದ್ರಿಲ್ಲೋ?"

"ಆಕಿ ನನ್ನ ಮಗಳು!"

"ನಾನೂ ಯಾರದೋ ಮಗಳಾ ಅಲ್ರಿ ಮೇಸ್ತ್ರಿ."

"ನಿನ್ನಪ್ಪಗ ನಾಚ್ಕಿ ಇಲ್ಲ, ಕಳಿಸ್ಯಾನ. ನಂಗ ಐತಿ. ನಾಳಿ ಗಂಡಿನ ಕಡೇರು ಬರೋರಿದ್ರು. ಈ ಕಣ್ಣು ಇಟ್ಕಂಡು ಹೆಂಗ ಕುಂದ್ರಸ್ಲಿ ಆಕಿನ್ನ?"

"ಬ್ಯಾಡ್ರಿ. ಕುಂದ್ರಸಬ್ಯಾಡ್ರಿ. ಶೆಡ್ಡಿಗೆ ಕರ್ಕಂಬರ್ರಿ. ನನಗ ಕೊಟ್ರೆಲ್ಲ, ಅದಾ ಗಾಜು ಕೊಡ್ರಿ ಆಕಿಗೂ."

ಅವನು ಕೈ ಎತ್ತಿದ. ನಾನು ಪಕ್ಕದಲ್ಲಿದ್ದ ಸುತ್ತಿಗೆ ಹಿಡಿದೆ. ಹೊಡೆಯುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಅವನಿಗೂ ಗೊತ್ತಾಗಲಿಲ್ಲ ಅನ್ನಿಸುತ್ತದೆ. ಕೈ ಇಳಿಸಿದ. ಶೆಡ್ಡಿನಲ್ಲಿ ಒಬ್ಬರೂ ನಗಲಿಲ್ಲ.

ಸಾವುಕಾರರು ನನ್ನನ್ನು ಆಫೀಸಿನೊಳಗೆ ಕರೆದು ಕುರ್ಚಿ ತೋರಿಸಿದರು. ಅಲ್ಲಿಯವರೆಗೆ ನನಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ಕೆಲಸ ಹೋಯಿತೆಂದು ಆಗಲೇ ತಿಳಿಯಿತು.

"ನೋಡವಾ, ನಂಗ ಮೇಸ್ತ್ರಿ ಬೇಕು. ನಿನ್ನಂಥೋರು ನಾಳಿ ಇನ್ನೊಬ್ರು ಸಿಗ್ತಾರ, ಅಂವಾ ಸಿಗಲ್ಲ. ಹೋಗಿ ಬಾ."

"ಗಾಜಿಂದು ನಿಮಗ ಗೊತ್ತಿತ್ತೇನ್ರಿ ಸಾವ್ಕಾರ್ರಾ?"

ಅವರು ಫೋನ್ ಕೈಗೆತ್ತಿಕೊಂಡು ಏನೋ ಹುಡುಕತೊಡಗಿದರು.

ಹೊಸಪೇಟೆಯ ಬೇರೆ ಶೆಡ್ಡುಗಳಿಗೆ ಅಲೆದೆ. ಎಲ್ಲ ಕಡೆಯೂ ಮೇಸ್ತ್ರಿಯ ಶಿಷ್ಯರೇ ಇದ್ದರು. ಒಬ್ಬ ನನ್ನನ್ನು ಗೇಟಿನಲ್ಲೇ ಗುರುತು ಹಿಡಿದು, "ಸುತ್ತಿಗಿ ತಂದೀಯೇನು?" ಎಂದು ಕೇಳಿದ. ಕಡೆಗೆ ಕಂಪ್ಲಿಯಲ್ಲಿ ಒಬ್ಬ ಮುದುಕ ತನ್ನ ರಿಪೇರಿ ಅಂಗಡಿಯಲ್ಲಿ ರಾಡು ಹಿಡಿಯಲು ಬಿಟ್ಟ. ಅವನಿಗೆ ಗಂಡಾದರೇನು, ಹೆಣ್ಣಾದರೇನು, ಮುರಿದ ನೇಗಿಲು, ಟ್ರೇಲರಿನ ಕೊಂಡಿ ಸರಿಯಾಗಿ ಹೊರಗೆ ಹೋದರೆ ಸಾಕು. ಆದರೆ ಶನಿವಾರ ಪಗಾರ ಕೊಡುವಾಗ ಮಾತ್ರ ನಾನು ಹೆಣ್ಣೆಂಬುದು ನೆನಪಾಗುತ್ತಿತ್ತು. ನನ್ನ ಪಕ್ಕದಲ್ಲಿ ಅದೇ ಕೆಲಸ ಮಾಡುವವನಿಗಿಂತ ನನಗೆ ಕಡಿಮೆ.

"ಅಂವಗ ಹೆಂಡ್ತಿ ಮಕ್ಳು ಅದಾರವಾ."

"ಬೆಸುಗಿಗೆ ಹೆಂಡ್ತಿ ಮಕ್ಳು ಇರ್ತಾರೇನ್ರಿ?"

ವಾರವಾರವೂ ಈ ಜಗಳ. ಮುದುಕ ಬೇಸರಿಸಿಕೊಳ್ಳುತ್ತಿರಲಿಲ್ಲ, ಹೆಚ್ಚಿಗೆ ಕೊಡುತ್ತಲೂ ಇರಲಿಲ್ಲ. ದಿನಾ ಬೆಳಿಗ್ಗೆ ಕಂಪ್ಲಿಯ ಬಸ್ಸಿನಲ್ಲಿ ನಿಂತುಕೊಂಡು ಹೋಗುವಾಗ, ಅಕ್ಕಪಕ್ಕದ ಭತ್ತದ ಗದ್ದೆಯ ಹಸಿರನ್ನು ನೋಡಿದರೂ ನನಗೆ ಸಿಟ್ಟು ಬರುತ್ತಿತ್ತು.

ಮೇಸ್ತ್ರಿಯ ಮಗಳ ಸುದ್ದಿ ತುಂಡು ತುಂಡಾಗಿ ಕಿವಿಗೆ ಬೀಳುತ್ತಿತ್ತು. ಗಂಡಿನ ಕಡೆಯವರು ಬಂದ ದಿನ ಅವಳು ಅವರ ಮುಂದೆಯೇ, ನಾನು ವೆಲ್ಡಿಂಗ್ ಕಲಿಯುತ್ತಿದ್ದೇನೆ, ಮದುವೆಯಾದ ಮೇಲೂ ಅದನ್ನೇ ಮಾಡುವುದು ಎಂದಳಂತೆ. ಅವರು ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದರಂತೆ. ಅಪ್ಪ ಹೊಡೆದ, ಕೋಣೆಯಲ್ಲಿ ಹಾಕಿ ಚಿಲಕ ಹಾಕಿದ. ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ ತಾಯಿಯೇ ಚಿಲಕ ತೆಗೆದು ಬಟ್ಟೆಯ ಗಂಟು ಕೈಗಿತ್ತು ಕಳಿಸಿದಳು. ಕೇಂದ್ರದ ಹಾಸ್ಟೆಲಿನಲ್ಲಿದ್ದು ತರಬೇತಿ ಮುಗಿಸಿದಳು. ಆಮೇಲೆ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಮೇಸ್ತ್ರಿ, ನನಗೆ ಮಗಳೇ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಾನೆ ಎಂದು ಕೇಳಿದೆ. ನನ್ನ ಹರಕೆ ಫಲಿಸಿತ್ತು. ಸಣ್ಣವ್ವನಿಗೆ ಹೇಳಿದರೆ, "ಪಾಪ, ಆ ತಾಯಿಗೆ ಹೆಂಗಾಗಿರಬ್ಯಾಡ" ಎಂದಳು. ತಾಯಿಯ ವಿಷಯ ನನಗೆ ಹೊಳೆದೇ ಇರಲಿಲ್ಲ.

ಹೋದ ವರ್ಷ ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ನೋಡಿದೆ. ಸಂಡೂರಿನ ಬಸ್ಸಿಗೆ ಕಾಯುತ್ತಿದ್ದಳು. ಕಾಲಲ್ಲಿ ಕಬ್ಬಿಣದ ಮೂತಿಯ ಬೂಟು, ಮುಂಗೈ ಮೇಲೆ ಆಗಲೇ ಅಪ್ಪನ ಹಾಗೆ ಬಿಳಿ ಕಲೆಗಳು. ನಾನು ಹತ್ತಿರ ಹೋಗಿ ನಕ್ಕೆ. ಅವಳು ನಗಲಿಲ್ಲ.

"ಆರಾಮದೀಯೇನು?"

"ಆರಾಮ."

"ಕೆಲ್ಸ ಛಲೋ ಐತಾ?"

"ಐತಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾ, ಒಂದು ಮಾತು. ನೀ ನಂಗ ದಾರಿ ತೋರಸ್ದಿ ಅಂತ ಎಲ್ಲಾರ ಹತ್ರ ಹೇಳ್ಕೋತ ತಿರುಗ್ತಿಯಂತ. ಹೇಳಬ್ಯಾಡ."

"ಸುಳ್ಳೇನು ಅದು?"

"ನಾ ಕೇಳ್ದೆ, ನೀ ಸೇರಸ್ದಿ. ಅಷ್ಟ ಖರೇ. ಆದ್ರ ಅವತ್ತು ಶೆಡ್ಡಿನಾಗ ಅಪ್ಪಗ ಏನಂದಿ? ನಿನಗ ಕೊಟ್ಟ ಗಾಜಾ ನನಗೂ ಕೊಡು ಅಂದೆಲ್ಲ. ಅಪ್ಪ ಮನೀಗೆ ಬಂದು ಹೇಳ್ದ. ಅಂವಾ ನನ್ನ ಹೊಡದ, ಖರೇ. ಆದ್ರ ರಾತ್ರಿ ಇಡೀ ಕುಂತು ಆಲೂಗಡ್ಡಿ ಬಿಲ್ಲಿ ಬದ್ಲು ಮಾಡ್ದಾಂವನೂ ಅವ್ನಾ. ನೀ ನಂಗ ಕಲಿಸ್ಲಿಲ್ಲ, ನನ್ನ ಹಿಡ್ಕಂಡು ಅಂವಗ ಹೊಡದಿ."

"ಹೊಡತ ತಿನ್ನೋಂಥಾ ಮನಷ್ಯಾನಾ ಅಂವಾ" ಎಂದೆ.

"ಇರಬಹ್ದು. ನನ್ನ ಯಾಕ್ ಹಿಡಕಂಡಿ ಅದಕ್ಕ?"

ಅವಳ ಬಸ್ಸು ಬಂತು. ಜನ ನುಗ್ಗಿದರು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು, ಏನೋ ನೆನಪಾದಂತೆ ಹಿಂತಿರುಗಿದಳು.

"ನಮ್ಮ ವರ್ಕ್‌ಶಾಪಿನಾಗ ಇನ್ನೊಬ್ರು ವೆಲ್ಡರ್ ಬೇಕಂತ. ಗಂಡ್ಸರಿಗೂ ಹೆಂಗಸ್ರಿಗೂ ಒಂದಾ ಪಗಾರ. ಬರೋದಿದ್ರ ಬಾ. ನನ್ನ ಹೆಸರ್ ಮಾತ್ರ ಹೇಳಬ್ಯಾಡ."

ಅವಳ ಋಣ ಬೇಡ ಎಂದು ಒಂದು ವಾರ ಹಟ ಹಿಡಿದೆ. ಶನಿವಾರ ಮುದುಕ ಮತ್ತೆ ಹೆಂಡತಿ ಮಕ್ಕಳ ಮಾತೆತ್ತಿದ. ಸೋಮವಾರ ಸಂಡೂರಿನ ಬಸ್ ಹತ್ತಿದೆ.

ಪರೀಕ್ಷೆಗೆ ಗಂಡಸರೂ ಬಂದಿದ್ದರು. ಎಲ್ಲರಿಗೂ ಒಂದೇ ಬಗೆಯ ತಗಡು, ಒಂದೇ ಬಗೆಯ ಶೀಲ್ಡ್ ಕೊಟ್ಟರು. ನಾನು ಗಾಜನ್ನು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿಯೇ ಕೆಲಸ ಶುರು ಮಾಡಿದೆ. ಪರೀಕ್ಷಿಸುವವನು, "ಏನಮ್ಮಾ, ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು?" ಎಂದು ನಕ್ಕ. "ಇಲ್ರಿ" ಎಂದೆ. ಕೆಲಸ ಸಿಕ್ಕಿತು.

ಈಗ ನಾವಿಬ್ಬರೂ ಒಂದೇ ಪಾಳಿಯಲ್ಲಿದ್ದೇವೆ. ಅದಿರು ಹೊತ್ತು ಹೊತ್ತು ಬಿರಿದ ಟಿಪ್ಪರುಗಳು ಗುಡ್ಡದಿಂದ ಇಳಿದು ಬರುತ್ತವೆ, ಮೈತುಂಬ ಕೆಂಪು ಧೂಳು ಮೆತ್ತಿಕೊಂಡು. ಒಂದು ಮಗ್ಗುಲನ್ನು ಅವಳು ಹಿಡಿಯುತ್ತಾಳೆ, ಇನ್ನೊಂದನ್ನು ನಾನು. ಇಲ್ಲಿಯೂ ನಗುವವರಿದ್ದಾರೆ. ಹೊಸದಾಗಿ ಬಂದ ಡ್ರೈವರ್ ಒಬ್ಬ ಮೊನ್ನೆ, "ನಮ್ಮ ಗಾಡಿ ಗಂಡಸ್ರ ಕೈಗೆ ಕೊಡ್ರಿ" ಎಂದು ಸೂಪರ್‌ವೈಸರ್ ಹತ್ತಿರ ಹೋದ. ನಾನು ಬಾಯಿ ತೆಗೆಯುವ ಮುಂಚೆಯೇ ಅವಳು ಶೀಲ್ಡ್ ಮೇಲೆತ್ತಿ, "ಹಂಗಾದ್ರ ಸಾಲಿನಾಗ ಕಡೀಗೆ ಹಚ್ಚು ಗಾಡಿ. ಸಂಜೀತನಾ ಕುಂದ್ರು" ಎಂದಳು. ಅವನು ಗೊಣಗುತ್ತ ಗಾಡಿಯನ್ನು ನಮ್ಮ ಮುಂದೆಯೇ ಬಿಟ್ಟು ಹೋದ.

ಅವತ್ತು ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಕ್ಯಾಂಟೀನಿನಲ್ಲಿ ಅವಳ ಎದುರಿನ ಜಾಗ ಖಾಲಿ ಇತ್ತು. ನಾನು ತಟ್ಟೆ ಹಿಡಿದು ಅತ್ತ ನೋಡಿದೆ. ಅವಳು ತನ್ನ ಹೆಲ್ಮೆಟ್ ತೆಗೆದು ಆ ಖಾಲಿ ಜಾಗದ ಮೇಲೆ ಇಟ್ಟಳು. ನಾನು ಕಿಟಕಿಯ ಹತ್ತಿರದ ಬೆಂಚಿಗೆ ಹೋಗಿ ಕೂತು ಊಟ ಮಾಡಿದೆ.